ನಾಲ್ಕು ಮೂಲೆಗೆ ಅರಿಶಿನ

ನಲವತ್ತು ಟೈಪ್‌ರೈಟರುಗಳು ಒಟ್ಟಿಗೆ ಬಡಿದುಕೊಳ್ಳುವ ಸದ್ದನ್ನು ದಿನವಿಡೀ ಕೇಳಿ ಬದುಕಿದವಳಿಗೆ ಒಂದು ಡ್ರಮ್ ಸೆಟ್ ಏನು ಮಹಾ? ಹೊನ್ನಾಳಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಕೆಳಗಿನ ಹಾಲಿನಲ್ಲಿ ಬಹಳ ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದೆ. ದಾವಣಗೆರೆಯಲ್ಲಿ ಬಿ.ಎ. ಓದುತ್ತಿದ್ದಾಗ ಕಲಿತ ಟೈಪಿಂಗು ನನಗೆ ಡಿಗ್ರಿಗಿಂತ ಹೆಚ್ಚು ಅನ್ನ ಹಾಕಿತು. ಕಂಪ್ಯೂಟರ್ ಬಂದ ಮೇಲೆ ಯಂತ್ರಗಳು ಒಂದೊಂದಾಗಿ ಹೋದವು. ಬೆಂಚುಗಳು ಉಳಿದವು, ಬಾಗಿಲ ಮೇಲಿನ ಬೋರ್ಡು ಉಳಿಯಿತು, ನಾನು ಊರಿಗೆಲ್ಲ ‘ಟೈಪಿಂಗ್ ಮೇಡಂ’ ಆಗಿಯೇ ಉಳಿದೆ.

ಹೀಗಾಗಿ ಹೋದ ವರ್ಷ ನಾಲ್ವರು ಹುಡುಗರು ಬಾಗಿಲಲ್ಲಿ ನಿಂತು, “ಮೇಡಂ, ನಿಮ್ಮ ಹಾಲಿನಾಗೆ ಪ್ರಾಕ್ಟೀಸ್ ಮಾಡಾಕೆ ಬಿಡ್ತೀರಾ? ಸ್ವಲ್ಪ ಸದ್ದಾಗ್ತೈತೆ,” ಎಂದು ಅಂಜುತ್ತ ಕೇಳಿದಾಗ ನನಗೆ ನಗು ಬಂತು. “ಖಾಲಿ ಹಾಲು ನನಗೇ ಬೇಜಾರಾಗಿದೆ, ಬರ್ರಿ,” ಎಂದೆ.

ಚನ್ನಗಿರಿ ಕಡೆಯ ನಲ್ಲೂರಿನ ಸುದೀಪ್ ಗಿಟಾರ್. ನ್ಯಾಮತಿಯ ರವಿಕುಮಾರ್ ಬೇಸ್ ಗಿಟಾರ್. ಜಗಳೂರಿನ ನಿಂಗರಾಜ್ ಡ್ರಮ್. ಹಾಡುವವನು ನಮ್ಮ ಹೊನ್ನಾಳಿಯವನೇ, ಮೂಕಪ್ಪ. ತಾತನ ಹೆಸರನ್ನು ಇಟ್ಟವರಿಗೆ ಹುಡುಗ ಮುಂದೆ ಇಷ್ಟು ಜೋರಾಗಿ ಕಿರುಚುತ್ತಾನೆಂದು ಹೇಗೆ ಗೊತ್ತಾಗಬೇಕು? ನಾಲ್ಕು ಊರಿನವರು ಸೇರಿದ್ದರಿಂದ ಬ್ಯಾಂಡಿಗೆ ‘ನಾಲ್ಕೂರು’ ಎಂದು ಹೆಸರಿಟ್ಟುಕೊಂಡರು. ವಾರದ ದಿನಗಳಲ್ಲಿ ಒಬ್ಬ ಗೊಬ್ಬರದಂಗಡಿ, ಒಬ್ಬ ಫೈನಾನ್ಸ್ ಕಂಪನಿ, ಹೀಗೆ ಏನೇನೋ ಕೆಲಸ. ರಜೆ ಸಿಕ್ಕಾಗ ನಮ್ಮ ಹಾಲಿನಲ್ಲಿ ರಾಕ್ ಸಂಗೀತ. ನನ್ನದೊಂದೇ ನಿಯಮ: ಒಳಗೆ ಬಂದ ಕೂಡಲೇ ಫೋನುಗಳೆಲ್ಲ ನಾನು ಹಿಂದೆ ಕಾರ್ಬನ್ ಪೇಪರ್ ಇಡುತ್ತಿದ್ದ ಡ್ರಾಯರಿಗೆ. ಟೈಪಿಂಗ್ ಕ್ಲಾಸಿನಲ್ಲಿ ಕೈ ಖಾಲಿ ಇರಬೇಕು ಎನ್ನುತ್ತಿದ್ದೆ. ಇವರಿಗೂ ಅದೇ ಮಾತು.

ಅವರು ತಮ್ಮ ಮೊದಲ ಆಲ್ಬಮ್ಮಿಗೆ ಎಂಟು ಹಾಡು ಸೇರಿಸಿದರು. ಹೆಸರು ‘ಎಮ್ಮೆ ಅಡ್ಡ ಬಂತು’. ಆ ಆಲ್ಬಮ್ಮಿಗೆ ಹೊದಿಕೆ, ಪೋಸ್ಟರ್ ಎಲ್ಲ ಮಾಡಲು ಒಪ್ಪಿದವಳು ಕಾವ್ಯಶ್ರೀ.

ಕಾವ್ಯಶ್ರೀ ಕತ್ತಲಗೆರೆಯ ಹುಡುಗಿ. ಇಲ್ಲಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಬೆಳಗಿಂದ ಸಂಜೆವರೆಗೆ ಹುಟ್ಟುಹಬ್ಬದ ಫ್ಲೆಕ್ಸು, ಗೃಹಪ್ರವೇಶದ ಫ್ಲೆಕ್ಸು, ಶ್ರದ್ಧಾಂಜಲಿ ಫ್ಲೆಕ್ಸು ಮಾಡುವುದು ಅವಳ ಕೆಲಸ. ಗಿರಾಕಿ ಕೊಟ್ಟ ಫೋಟೋದಿಂದ ಮುಖ ಕತ್ತರಿಸಿ, ಅದನ್ನು ಬೆಳ್ಳಗೆ ಮಾಡಿ, ಸುತ್ತ ಗುಲಾಬಿ ಹೂ ಇಟ್ಟು, ಹಿಂದೆ ಸೂರ್ಯನ ಕಿರಣ ಬಿಡಬೇಕು. ಒಂದು ಸಂಜೆ ನನ್ನ ಜೊತೆ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತ ಅವಳು ಹೇಳಿದ್ದು ನೆನಪಿದೆ.

“ನಮ್ಮೂರ ಕಡೆ ಯಾರ್ ಮುಖಾನೂ ಆ ಬಣ್ಣ ಇರಂಗಿಲ್ಲ ಮೇಡಂ. ಆದ್ರೂ ಬೆಳ್ಳಗೆ ಮಾಡ್ಲೇಬೇಕು. ಇಲ್ಲಾಂದ್ರೆ ದುಡ್ಡು ಕೊಡಂಗಿಲ್ಲ. ಒಂದ್ಸಲ, ಒಂದೇ ಒಂದ್ಸಲ, ಯಾರ ಮುಖಕ್ಕೂ ಸುಣ್ಣ ಬಳೀದೆ ಒಂದು ಚಿತ್ರ ಮಾಡ್ಬೇಕು ಅಂತ ಆಸೆ. ಅದ್ರ ಕೆಳಗೆ ನನ್ನ ಹೆಸರು ಇರ್ಬೇಕು.”

ಅದಕ್ಕಾಗಿಯೇ ಅವಳು ರಜೆ ದಿನವೆಲ್ಲ ನಮ್ಮ ಹಾಲಿನ ಮೂಲೆಯ ಬೆಂಚಿನ ಮೇಲೆ ಕೂತು ಆ ನಾಲ್ವರ ಫೋಟೋ ತೆಗೆದಳು. ನಿಂತುಕೊಳ್ಳಿ, ನಗಿ ಎಂದು ಒಮ್ಮೆಯೂ ಹೇಳಲಿಲ್ಲ. ಕೊನೆಗೆ ಆರಿಸಿದ್ದು ನಾಲ್ಕು ಮುಖ. ನಾಲ್ವರೂ ಹಾಡಿನ ನಡುವೆ ಮೈಮರೆತು ಕಣ್ಣು ಮುಚ್ಚಿದ ಗಳಿಗೆ. ಬರೀ ಕಪ್ಪು ಬಿಳುಪು. ಹಿಂದೆ ಏನೂ ಇಲ್ಲ. ನಿಂಗರಾಜನ ಕರಿ ಕೆನ್ನೆಯ ಮೇಲಿನ ಬೆವರು ಹನಿ ಹನಿಯಾಗಿ ಕಾಣುತ್ತಿತ್ತು. ನನಗೆ ಆ ಚಿತ್ರ ಬಹಳ ಹಿಡಿಸಿತು.

ಹೊದಿಕೆಯನ್ನು ಲಗ್ನಪತ್ರಿಕೆಯ ಹಾಗೆ ದಪ್ಪ ಕಾರ್ಡಿನಲ್ಲಿ ಮಡಿಸುವಂತೆ ಮಾಡಿದ್ದಳು. ಮುಂದೆ ಆ ನಾಲ್ಕು ಮುಖ, ಒಳಗೆ ಹಾಡುಗಳ ಸಾಲು, ನಡುವೆ ಫೋನಿನಲ್ಲಿ ಸ್ಕ್ಯಾನ್ ಮಾಡುವ ಚೌಕ.

“ಸಿಡಿ ಎಲ್ಲಿ ಇಡ್ತೀಯ?” ಎಂದು ಕೇಳಿದೆ.

“ಸಿಡಿ ಇಲ್ಲ ಮೇಡಂ. ಸ್ಕ್ಯಾನ್ ಮಾಡಿದ್ರೆ ಫೋನಿನಾಗೇ ಹಾಡು ಬರ್ತಾವೆ.”

“ಮತ್ತೆ ಈ ಕಾರ್ಡ್ ಯಾಕೆ?”

“ಕೈಯಾಗೆ ಹಿಡಿಯಾಕೆ ಏನಾರ ಬೇಕಲ್ಲ ಮೇಡಂ,” ಎಂದಳು. ಅದೂ ಸರಿ ಅನ್ನಿಸಿತು.

ಕಾರ್ಡು ಮುದ್ರಿಸಲು ಒಪ್ಪಿದವರು ನಾಗೇಂದ್ರಪ್ಪ. ಸಂತೆ ರಸ್ತೆಯಲ್ಲಿ ಅವರದು ಹಳೆಯ ಲಗ್ನಪತ್ರಿಕೆ ಪ್ರೆಸ್ಸು. ನನ್ನ ಇನ್‌ಸ್ಟಿಟ್ಯೂಟಿನ ಸರ್ಟಿಫಿಕೇಟುಗಳನ್ನು ಮುದ್ರಿಸಿದ್ದೂ ಅವರೇ. ಅವರ ಒಂದು ಪದ್ಧತಿ ನನಗೆ ಆಗಿನಿಂದ ಗೊತ್ತು. ಯಾವ ಕೆಲಸವೇ ಇರಲಿ, ಮದುವೆ ಕಾರ್ಡೋ ರಸೀದಿ ಪುಸ್ತಕವೋ, ಯಂತ್ರದಿಂದ ಬಂದ ಮೊದಲ ಹಾಳೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ದೇವರ ಫೋಟೋದ ಮುಂದೆ ಇಡುತ್ತಾರೆ. ಆಮೇಲೆ ಅದನ್ನು ಕಟ್ಟಿನ ಮೇಲಿಟ್ಟು ಗಿರಾಕಿಗೆ ಕೊಡುತ್ತಾರೆ. ಸಾವಿನ ಕಾರ್ಡಿಗೆ ಮಾತ್ರ ಹಚ್ಚುವುದಿಲ್ಲ.

ಭಾನುವಾರ ಸಂಜೆ ನಮ್ಮ ಮನೆ ಮುಂದೆಯೇ ಆಲ್ಬಮ್ ಬಿಡುಗಡೆ, ಹಾಡು. ಅದಕ್ಕೆ ಪ್ರಚಾರ ಬೇಕಲ್ಲ. ಕಾವ್ಯಶ್ರೀ ತಾನೇ ಒಂದು ದೊಡ್ಡ ಫ್ಲೆಕ್ಸ್ ಮಾಡಿದಳು. ಅದೇ ನಾಲ್ಕು ಮುಖ, ಕೆಳಗೆ ನಾಲ್ಕು ಹೆಸರು, ನಾಲ್ಕು ಊರು. ಕೊನೆಯಲ್ಲಿ ಸಣ್ಣದಾಗಿ ‘ಭಾನುವಾರ ಸಂಜೆ, ಹಳೇ ಟೈಪಿಂಗ್ ಇನ್‌ಸ್ಟಿಟ್ಯೂಟ್’. ಉಳಿದದ್ದೆಲ್ಲ ಖಾಲಿ.

“ಬ್ಯಾಂಡು, ಹಾಡು ಅಂತ ಒಂದು ಮಾತಾದರೂ ಬೇಡವಾ?” ಎಂದು ನಾನು ಕೇಳಿದ್ದೆ.

“ಬ್ಯಾಡ ಮೇಡಂ. ಜನಾನೇ ಕೇಳ್ಬೇಕು, ಯಾರಿವ್ರು ಅಂತ.”

ಗುರುವಾರ ಸಂಜೆ ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಕಟ್ಟಿದರು. ಜನ ಕೇಳಿದ್ದೇನೋ ನಿಜ. ಆದರೆ ‘ಯಾರಿವ್ರು’ ಅಂತ ಅಲ್ಲ, ‘ಹೆಂಗಾತು’ ಅಂತ.

ಅದು ನಮಗೆ ತಿಳಿದದ್ದು ಮರುದಿನ. ಶುಕ್ರವಾರ ಹುಡುಗರು ನಾಲ್ವರೂ ರಜೆ ಹಾಕಿ ಬೆಳಗ್ಗೆಯೇ ಪ್ರಾಕ್ಟೀಸಿಗೆ ಬಂದಿದ್ದರು. ಕಾವ್ಯಶ್ರೀಯೂ ಇದ್ದಳು. ಮಧ್ಯಾಹ್ನ ಹತ್ತಿರವಾದಾಗ, ಬಸ್ ಸ್ಟ್ಯಾಂಡಿನ ಹತ್ತಿರ ಹೋಟೆಲ್ ಇಟ್ಟಿರುವ ಚಿಕ್ಕಹನುಮಂತಪ್ಪ ದೊಡ್ಡ ಪಾತ್ರೆ ಹೊತ್ತುಕೊಂಡು ಬಾಗಿಲಿಗೆ ಬಂದ. ಪಾತ್ರೆಯಲ್ಲಿ ಬಿಸಿ ಬಿಸಿ ಉಪ್ಪಿಟ್ಟು. ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡು, ತಲೆ ತಗ್ಗಿಸಿ ನಿಂತ.

“ಇಂಥ ಹೊತ್ತಿನಾಗೆ ಯಾರಿಗೂ ಒಲೆ ಹಚ್ಚಾಕೆ ಮನಸ್ಸು ಬರಂಗಿಲ್ಲ ಮೇಡಂ. ಬಂದೋರಿಗೆ ಒಂದೊಂದು ತುತ್ತು ಕೊಡ್ರಿ. ಪಾತ್ರೆ ನಿಧಾನಕ್ಕೆ ಬರ್ಲಿ.”

ಕಾರ್ಯಕ್ರಮದ ಗಡಿಬಿಡಿಯಲ್ಲಿ ನಮಗೆ ಅಡುಗೆಗೆ ಪುರುಸೊತ್ತಿಲ್ಲವೆಂದು ಅರಿತು ತಂದಿದ್ದಾನೆ, ಎಂಥ ಸೂಕ್ಷ್ಮದ ಮನುಷ್ಯ ಎಂದುಕೊಂಡೆ. ಒಳಗಿಂದ ಡ್ರಮ್ಮಿನ ಸದ್ದು ಕೇಳಿ ಅವನ ಮುಖ ಇನ್ನೂ ಕಳೆಗುಂದಿತು. ತಮಟೆಯವರು ಬಂದಿದ್ದಾರೆ ಎಂದುಕೊಂಡನಂತೆ, ಆಮೇಲೆ ಹೇಳಿದ. ನಾನು ಸಂತೋಷದಿಂದ ಪಾತ್ರೆ ಇಸಿದುಕೊಂಡೆ. ಹುಡುಗರು ತಟ್ಟೆ ಹಿಡಿದು ಕೂತರು. ಕೊಬ್ಬರಿ ತುರಿ ಧಾರಾಳವಾಗಿತ್ತು.

ಅವರು ತಿನ್ನುತ್ತಿರುವಾಗ ನಾನು ಹೂವು ತರಲು ಹೊರಟೆ. ಬಸ್ ಸ್ಟ್ಯಾಂಡಿನ ಎದುರು ಬಂದವಳು ಅಲ್ಲೇ ನಿಂತುಬಿಟ್ಟೆ. ಫ್ಲೆಕ್ಸಿಗೆ ಚೆಂಡುಹೂವಿನ ದೊಡ್ಡ ಹಾರ. ಕೆಳಗೆ ಬಾಳೆಹಣ್ಣಿಗೆ ಚುಚ್ಚಿದ ಊದುಬತ್ತಿ ಉರಿಯುತ್ತಿತ್ತು. ಪಕ್ಕದ ಮೊಬೈಲ್ ಅಂಗಡಿಯವನು ಯಾವಾಗಲೂ ಹಾಕುವ ಹಾಡು ನಿಲ್ಲಿಸಿದ್ದ. ಬಸ್ಸಿಗೆ ಕಾದಿದ್ದ ಇಬ್ಬರು ಹೆಂಗಸರು ಚಪ್ಪಲಿ ಬಿಟ್ಟು ಕೈ ಮುಗಿದರು. ಹಾಗೆ ದೂರದಿಂದ ನೋಡಿದಾಗ ನನಗೂ ಕಂಡಿತು. ಕಪ್ಪು ಬಿಳುಪು ಮುಖ, ಮುಚ್ಚಿದ ಕಣ್ಣು, ಹೆಸರು, ಊರು. ಯಾವ ಊರಿನ ಯಾವ ವೃತ್ತದಲ್ಲಿ ನೋಡಿದರೂ ಅದು ಶ್ರದ್ಧಾಂಜಲಿ ಫ್ಲೆಕ್ಸೇ. ದಿನಾ ಅಂಥದ್ದೇ ಮಾಡುವ ಹುಡುಗಿಗೂ, ದಿನಾ ಅವುಗಳ ಕೆಳಗೆ ಓಡಾಡುವ ನನಗೂ ಅದು ಹೊಳೆದಿರಲಿಲ್ಲ!

ಫ್ಲೆಕ್ಸಿನ ಕೆಳಗೇ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುವ ಕರಿಯಕ್ಕ ನನ್ನ ಪರಿಚಯದವಳು.

“ಈ ಹಾರ ಯಾರು ಹಾಕಿದ್ದು ಕರಿಯಕ್ಕ?”

“ನಾನೇ ರೀ. ಟೊಮೇಟೊ ಕ್ರೇಟ್ ಮ್ಯಾಲೆ ನಿಂತು ಹಾಕ್ದೆ,” ಎಂದಳು, ಕೈಯಲ್ಲಿನ ಮಾಲೆ ಕಟ್ಟುತ್ತಲೇ. “ಯಾರ ಮಕ್ಕಳೋ ಏನೋ. ಒಂದು ಹಾರ ಇಲ್ದಂಗೆ ರಾತ್ರಿಯೆಲ್ಲ ಹಂಗೇ ನಿಂತಿದ್ವು. ನೋಡ್ರಿ, ಮನೆಯೋರು ಏನೂ ಬರ್ಸಿಲ್ಲ. ಬರ್ಸಾಕೆ ಮನಸ್ಸಾದ್ರೂ ಹೆಂಗೆ ಬರ್ತೈತೆ ಪಾಪ.”

“ಕರಿಯಕ್ಕ, ಅವರು ಚೆನ್ನಾಗಿದ್ದಾರೆ. ನಮ್ಮ ಹಾಲಿನಲ್ಲಿ ಕೂತು ಉಪ್ಪಿಟ್ಟು ತಿಂತಿದ್ದಾರೆ.”

ಅವಳ ಕೈ ನಿಂತಿತು. “ಯಾರು? ನಾಲ್ಕೂ ಜನಾನಾ?”

“ನಾಲ್ಕೂ ಜನ. ಹಾಡು ಹೇಳೋ ಹುಡುಗರು. ಭಾನುವಾರ ಕಾರ್ಯಕ್ರಮ.”

ಕರಿಯಕ್ಕ ನನ್ನನ್ನೇ ನೋಡಿದಳು. ಆಮೇಲೆ ಫ್ಲೆಕ್ಸ್ ನೋಡಿದಳು. “ಅಯ್ಯೋ ಇವ್ರ ಮಾರಿ ಮುಚ್ಚ!” ಎಂದು ಬಾಯಿಗೆ ಸೆರಗಿಟ್ಟು ನಗಲು ಶುರುಮಾಡಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. “ಬೆಳಗಿಂದ ಬಸ್ಸಿಂದ ಇಳಿದೋರಿಗೆಲ್ಲ ನಾನೇ ಹೇಳೀನಲ್ರೀ, ಕಾರು ಮರಕ್ಕೆ ಗುದ್ದಿತ್ತಂತೆ ಅಂತ!”

“ನಿನಗೆ ಯಾರು ಹೇಳಿದ್ರು?”

“ಯಾರೋ ಕೇಳಿದ್ರು, ಹೆಂಗಾತು ಅಂತ. ಏನಾರ ಒಂದು ಹೇಳ್ಬೇಕಲ್ರೀ!”

ನಾನು ಬೇಗ ಬೇಗ ಮನೆಗೆ ಬಂದು ವಿಷಯ ಹೇಳಿದೆ. ಮೂಕಪ್ಪನ ಗಂಟಲಲ್ಲಿ ಉಪ್ಪಿಟ್ಟು ಸಿಕ್ಕಿಕೊಂಡಿತು. ಸುದೀಪ್ ತನ್ನ ತಟ್ಟೆಯನ್ನೇ ನೋಡಿ, “ಹಂಗಾದ್ರೆ ಇದು ನಮ್ಮ ತಿಥಿ ಉಪ್ಪಿಟ್ಟು,” ಎಂದ. ರವಿಕುಮಾರ್, “ಚೆನ್ನಾಗೈತೆ ಬಿಡು, ಇನ್ನೊಂಚೂರು ಹಾಕು,” ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು, ಕಾವ್ಯಶ್ರೀ ಒಬ್ಬಳನ್ನು ಬಿಟ್ಟು. ಅವಳ ಕಿವಿ ಕೆಂಪಾಗಿತ್ತು.

ಅದೇ ಹೊತ್ತಿಗೆ ಬೀದಿಯಲ್ಲಿ ಆಟೋ ನಿಂತ ಸದ್ದು, ಅದರ ಹಿಂದೆಯೇ ಒಂದು ಅಳು. “ನನ್ನ ಮಗನೇ... ನಿಂಗಾ...”

ನಿಂಗರಾಜನ ಕೈಯಿಂದ ತಟ್ಟೆ ಜಾರಿತು. “ನಮ್ಮಜ್ಜಿ!”

ಜಗಳೂರಿನ ಅಜ್ಜಮ್ಮ. ನಿಂಗರಾಜನನ್ನು ಸಾಕಿ ಬೆಳೆಸಿದವರು. ಅವರ ಊರಿನವರೊಬ್ಬರು ಬೆಳಗ್ಗೆ ಬಸ್ಸಿನಿಂದ ಫ್ಲೆಕ್ಸ್ ಕಂಡು ಫೋಟೋ ತೆಗೆದು ಕಳಿಸಿದ್ದರಂತೆ. ಮೊಮ್ಮಗನಿಗೆ ಫೋನ್ ಮಾಡಿದರೆ ಎತ್ತುವವರಿಲ್ಲ. ಎತ್ತುವುದು ಹೇಗೆ, ಫೋನು ನನ್ನ ಕಾರ್ಬನ್ ಪೇಪರಿನ ಡ್ರಾಯರಿನಲ್ಲಿ! ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಫ್ಲೆಕ್ಸಿನಲ್ಲಿದ್ದ ವಿಳಾಸ ಕೇಳಿಕೊಂಡು ಬಂದಿದ್ದರು.

ಬಾಗಿಲಲ್ಲಿ ನಿಂತ ಅಜ್ಜಮ್ಮ ಮೊಮ್ಮಗನನ್ನು ಕಂಡರು. ಬಾಯ್ತುಂಬ ಉಪ್ಪಿಟ್ಟು, ಅಂಗಿಯ ಮೇಲೆ ಉಪ್ಪಿಟ್ಟು. ಅಳು ಥಟ್ಟನೆ ನಿಂತಿತು. ಹತ್ತಿರ ಬಂದು ಅವನ ಕೆನ್ನೆಗೆ ಒಂದು ಬಾರಿಸಿದರು. ಆಮೇಲೆ ಅಪ್ಪಿಕೊಂಡರು. ಆಮೇಲೆ ಇನ್ನೊಂದು ಬಾರಿಸಿದರು.

“ಬದುಕಿದ್ದೀಯೇನೋ! ಬದುಕಿದ್ದೋನು ಫೋನ್ ಎತ್ತಾಕೆ ಏನು ರೋಗ ನಿನಗೆ!”

“ಯಜ್ಜೀ, ಫೋನು ಮೇಡಂ ಹತ್ರ...”

“ತಪ್ಪು ನನ್ನದಮ್ಮ, ಕೂತ್ಕೊಳ್ಳಿ,” ಎಂದು ನಾನು ಅವರ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದೆ. ನೀರು ಕುಡಿದು, ಸೆರಗಿನಲ್ಲಿ ಮುಖ ಒರೆಸಿಕೊಂಡ ಮೇಲೆ ಒಂದೊಂದೇ ಹೇಳಿದರು. ಕಂಡಕ್ಟರು ತನ್ನ ಸೀಟು ಬಿಟ್ಟುಕೊಟ್ಟನಂತೆ. ದಾವಣಗೆರೆಯಿಂದ ಯಾರೋ ಹೆಣ್ಣುಮಗಳು ದಾರಿಯುದ್ದಕ್ಕೂ ಅವರ ಕೈ ಹಿಡಿದುಕೊಂಡಿದ್ದಳಂತೆ. ಇಳಿಯಬೇಕಾದ ಊರು ಬಂದರೂ ಇಳಿಯದೆ ಹೊನ್ನಾಳಿವರೆಗೆ ಬಂದು ಆಟೋ ಹತ್ತಿಸಿ ಹೋದಳಂತೆ. “ಹೆಸರು ಕೂಡ ಕೇಳ್ಲಿಲ್ಲ ನಾನು,” ಎಂದು ಅದಕ್ಕೂ ಒಮ್ಮೆ ಅತ್ತರು.

ಆಮೇಲೆ ಎದ್ದು ನಿಂತರು. ದನಿ ಈಗ ಬೇರೆಯಾಗಿತ್ತು.

“ಆ ಚಿತ್ರ ಮಾಡಿದ್ದು ಯಾರು?”

ಕಾವ್ಯಶ್ರೀ ಮುಂದೆ ಬಂದಳು. “ನಾನೇ ಅಜ್ಜಿ.”

“ನೋಡವ್ವ, ನಿನ್ನ ಮ್ಯಾಲೆ ನನಗೇನೂ ಸಿಟ್ಟಿಲ್ಲ. ಆದ್ರೆ ಬದುಕಿರೋ ಹುಡುಗನ್ನ ಸತ್ತಂಗೆ ತೋರ್ಸಿದ ಚಿತ್ರ ನಾಲ್ಕು ಜನರ ಕೈಗೆ ಹೋಗಬಾರ್ದು. ಅದನ್ನ ಎಷ್ಟು ಮಾಡೀರೋ ಅಷ್ಟೂ ಒಲೆಗೆ ಹಾಕ್ರಿ. ಇಲ್ಲಾಂದ್ರೆ ಇವನ್ನ ಈಗ್ಲೇ ಕರ್ಕೊಂಡು ಹೋಗ್ತೀನಿ.”

“ಯಜ್ಜಿ, ಭಾನುವಾರ ಕಾರ್ಯಕ್ರಮ ಐತೆ!”

“ಇರ್ಲಿ. ನೀನಿಲ್ದಂಗೆ ಬಡ್ಕಣ್ಲಿ.”

ಡ್ರಮ್ ಇಲ್ಲದೆ ಆ ಹಾಡುಗಳಿಲ್ಲ. ಹುಡುಗರು ಮುಖ ಮುಖ ನೋಡಿಕೊಂಡರು. ರವಿಕುಮಾರ್ ಫ್ಲೆಕ್ಸ್ ಬಿಚ್ಚಿಕೊಂಡು ಬರಲು ಓಡಿದ. ಸುದೀಪ್ ಮೆಲ್ಲಗೆ, “ಕಾವ್ಯಾ, ಬ್ಯಾರೆ ಕವರ್ ಮಾಡಾಣ. ನಿಮ್ಮ ಅಂಗಡೀಲಿ ರೆಡಿ ಡಿಸೈನ್ ಇರ್ತಾವಲ್ಲ, ಬಣ್ಣದ್ದು...” ಎಂದ.

“ಮಾಡಾಣ ಬಿಡ್ರಿ,” ಎಂದಳು ಕಾವ್ಯಶ್ರೀ. ಅಷ್ಟೇ. ಮೂಲೆಯ ಬೆಂಚಿನ ಮೇಲೆ ತನ್ನ ಲ್ಯಾಪ್‌ಟಾಪ್ ತೆರೆದು ಕೂತಳು. ಅವಳು ವಾದ ಮಾಡಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಒಂದೇ ಒಂದು ಸಲ ಎಂದು ಆಸೆಪಟ್ಟ ಚಿತ್ರ, ಅವಳ ಹೆಸರಿರುವ ಮೊದಲ ಕೆಲಸ. ಅದನ್ನು ಅವಳು ಪಕ್ಕಕ್ಕೆ ಸರಿಸಿದ ರೀತಿ ನೋಡಿದರೆ, ಊಟಕ್ಕೆ ಕೂತವರು ಇನ್ನೊಬ್ಬರಿಗೆ ಜಾಗ ಬಿಟ್ಟು ಎದ್ದ ಹಾಗಿತ್ತು. ಅಜ್ಜಮ್ಮನದು ತಪ್ಪು ಎನ್ನಲೂ ನನಗೆ ಬಾಯಿ ಬರಲಿಲ್ಲ. ಬಸ್ಸಿನಲ್ಲಿ ಅವರು ಪಟ್ಟ ಪಾಡು ಅವರಿಗೇ ಗೊತ್ತು.

ಅರ್ಧ ಗಂಟೆಯಲ್ಲಿ ಹೊಸ ಹೊದಿಕೆ ಸಿದ್ಧವಾಯಿತು. ಬೆಂಕಿಯ ಜ್ವಾಲೆ, ಹಾರುವ ಹದ್ದು, ಹೊಳೆಯುವ ಅಕ್ಷರ, ಗುಲಾಬಿ. ನಡುವೆ ನಾಲ್ಕು ಬೆಳ್ಳನೆಯ ಮುಖ, ಎಲ್ಲರೂ ಕಣ್ಣು ಬಿಟ್ಟು ನಗುತ್ತಿದ್ದರು. ಅವಳು ಲ್ಯಾಪ್‌ಟಾಪನ್ನು ಅಜ್ಜಮ್ಮನ ಮುಂದೆ ಹಿಡಿದಳು.

ಅಜ್ಜಮ್ಮ ಕನ್ನಡಕ ಹಾಕಿಕೊಂಡು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ಇದ್ರಾಗೆ ನಮ್ಮೋನು ಎಲ್ಲಿ ಅದಾನೆ?”

“ಇದೇ ಅಲ್ಲೇನು ಅಜ್ಜಿ, ಬಲಗಡೆ.”

“ಇದ್ಯಾರ ಮನೆ ಹುಡುಗ? ಇವನು ನಮ್ಮ ನಿಂಗ ಅಲ್ಲ. ಹಿಟ್ಟಿನ ಡಬ್ಬಿಯಾಗೆ ಬಿದ್ದು ಎದ್ದಂಗೆ ಅದಾನೆ.”

ಮೂಕಪ್ಪ ನಗು ತಡೆಯಲಾರದೆ ಗೋಡೆ ಕಡೆ ತಿರುಗಿದ. ಕಾವ್ಯಶ್ರೀಯ ತಲೆ ಸ್ವಲ್ಪ ಮೇಲೆದ್ದಿತು.

ಆಗ ಬಾಗಿಲಲ್ಲಿ ಸ್ಕೂಟರ್ ಬಂದು ನಿಂತಿತು. ನಾಗೇಂದ್ರಪ್ಪ. ಕಾರ್ಡಿನ ಕಟ್ಟುಗಳನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಬಂದರು. ಬೆಳಗಿಂದ ಪ್ರೆಸ್ಸಿನಲ್ಲೇ ಇದ್ದವರಿಗೆ ಈ ಗಲಾಟೆ ಒಂದೂ ಗೊತ್ತಿಲ್ಲ. “ತಗಳ್ರಪ್ಪ, ನಿಮ್ಮ ಕಾರ್ಡು. ಮಸಿ ಹೆಂಗೆ ಕೂತೈತೆ ನೋಡ್ರಿ,” ಎಂದು ಬೆಂಚಿನ ಮೇಲೆ ಇಟ್ಟರು. ಅದೂ ಅಜ್ಜಮ್ಮನ ಪಕ್ಕದಲ್ಲೇ, ಮೊಮ್ಮಗನ ಮುಖ ಮೇಲೆ ಕಾಣುವಂತೆ.

ಅಜ್ಜಮ್ಮ ಮೇಲಿನ ಕಾರ್ಡನ್ನು ಕೈಗೆ ತೆಗೆದುಕೊಂಡರು. ಹರಿಯುತ್ತಾರೆ ಎಂದುಕೊಂಡೆ. ಅವರು ಅದನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು.

“ಇದಕ್ಕೆ ಅರಿಶಿನ ಯಾರು ಹಚ್ಚಿದ್ರು?”

“ನಾನೇ ಕಣಮ್ಮ,” ಎಂದರು ನಾಗೇಂದ್ರಪ್ಪ. “ಮೊದಲ್ನೇ ಕಾರ್ಡಿಗೆ ಹಚ್ಚೋದು ನಮ್ಮ ಪದ್ಧತಿ.”

“ಸತ್ತೋರ ಕಾರ್ಡಿಗೂ ಹಚ್ತೀರೇನು?”

“ಎಲ್ಲಾರ ಉಂಟೇ! ಅದಕ್ಕೆ ಹಚ್ಚಂಗಿಲ್ಲ.”

“ಮತ್ತೆ ಇದು ಸತ್ತೋರದ್ದು ಅಂತ ನಿಮಗೆ ಅನ್ನಿಸ್ಲಿಲ್ವಾ?”

ನಾಗೇಂದ್ರಪ್ಪ ಹುಡುಗರ ಮುಖ ನೋಡಿದರು, ಕಾರ್ಡು ನೋಡಿದರು. “ಯಾಕನ್ನಿಸ್ಬೇಕಮ್ಮ? ಒಳಗೆ ಹಾಡು ಅದಾವೆ. ಬೆವರು ನೋಡ್ರಿ ಹುಡುಗನ ಕೆನ್ನೆ ಮ್ಯಾಲೆ. ಸತ್ತೋರು ಎಲ್ಲಾರ ಬೆವರ್ತಾರಾ?”

ಅಜ್ಜಮ್ಮ ಕನ್ನಡಕ ಸರಿಮಾಡಿಕೊಂಡು ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಬೆರಳಿನಿಂದ ಮೊಮ್ಮಗನ ಕೆನ್ನೆಯನ್ನು ಮುಟ್ಟಿದರು.

“ಬೆವರೇ ಐತೆ,” ಎಂದರು. “ಇವನು ನಮ್ಮೋನೇ. ಆದ್ರೆ ಕಣ್ಣು ಯಾಕೆ ಮುಚ್ಯಾನೆ?”

“ಬಾರಿಸೋವಾಗ ಹಂಗೇ ಮುಚ್ತಾನೆ ಅಜ್ಜಿ,” ಎಂದಳು ಕಾವ್ಯಶ್ರೀ. ಮೊದಲ ಸಲ ಅವಳ ದನಿಯಲ್ಲಿ ಜೀವ ಕೇಳಿಸಿತು.

“ನಾನು ಮುಚ್ಚಂಗಿಲ್ಲ,” ಎಂದ ನಿಂಗರಾಜ್.

“ಮುಚ್ತೀಯ,” ಎಂದರು ಮಿಕ್ಕವರೆಲ್ಲ.

ಅಜ್ಜಮ್ಮ ಡ್ರಮ್ಮಿನ ಕಡೆ ಬೆರಳು ತೋರಿಸಿದರು. “ಬಾರ್ಸು. ನೋಡೇ ಬಿಡಾಣ.”

ನಿಂಗರಾಜ್ ಕೂತ. ಕಣ್ಣನ್ನು ದೊಡ್ಡದಾಗಿ ಅರಳಿಸಿ, ಅಜ್ಜಿಯನ್ನೇ ದಿಟ್ಟಿಸುತ್ತ ಬಾರಿಸತೊಡಗಿದ. ಗೂಬೆಯ ಹಾಗೆ ಕಾಣುತ್ತಿದ್ದ. ಸುದೀಪ್ ಹಿಂದಿನಿಂದ ಗಿಟಾರ್ ಮೀಟಿದ, ಎಮ್ಮೆ ಅಡ್ಡ ಬರುವ ಹಾಡಿನದೇ ಶುರು. ನಿಂಗರಾಜ್ ಇನ್ನೊಂಚೂರು ತಡೆದುಕೊಂಡ. ಆಮೇಲೆ ಹೆಗಲು ಸಡಿಲವಾಯಿತು, ತಲೆ ಒಂದು ಕಡೆಗೆ ವಾಲಿತು, ರೆಪ್ಪೆ ತಾನಾಗಿ ಮುಚ್ಚಿಕೊಂಡಿತು.

ಅಜ್ಜಮ್ಮ ಎದ್ದು ಹೋಗಿ ಕಾರ್ಡನ್ನು ಅವನ ಮುಖದ ಪಕ್ಕ ಹಿಡಿದರು. ಅದೇ ವಾಲಿದ ತಲೆ, ಅದೇ ಹುಬ್ಬು. ಸ್ವಲ್ಪ ಹೊತ್ತಿಗೆ ಬೆವರೂ ಬಂತು.

“ನಾನು ರೊಟ್ಟಿ ತಟ್ಟೋವಾಗ ಕೂಸು ಪಕ್ಕದಾಗೇ ಕೂತು ಹಿಂಗೇ ಕಣ್ಣು ಮುಚ್ಚಿ ತಲೆ ಆಡಿಸ್ತಿತ್ತು,” ಎಂದರು, ಸದ್ದಿನ ಮೇಲೆ ಕೇಳಿಸುವಂತೆ ಗಟ್ಟಿಯಾಗಿ. “ನಿದ್ದಿ ಬಂತೇನೋ ಅಂತ ನಾನು ತಟ್ಟೋದು ನಿಲ್ಲಿಸಿದ್ರೆ, ಕಣ್ಣು ಬಿಟ್ಟು ಅಳ್ತಿತ್ತು.”

ನಿಂಗರಾಜ್ ಬಾರಿಸುವುದನ್ನು ನಿಲ್ಲಿಸಿ ಕಣ್ಣು ಬಿಟ್ಟ. ಅಜ್ಜಿ ಅಷ್ಟು ಹತ್ತಿರ ಇದ್ದುದನ್ನು ಕಂಡು ಬೆಚ್ಚಿದ. ಕೆನ್ನೆಗೆ ಕೈ ಅಡ್ಡ ಹಿಡಿದ. ಎಲ್ಲರಿಗೂ ನಗು.

ಅಜ್ಜಮ್ಮ ನನ್ನ ಕಡೆ ತಿರುಗಿದರು. “ಯಕ್ಕಾ, ಮನೆಯಾಗೆ ಅರಿಶಿನ ಐತಾ?”

“ಇದೆ.”

“ಮತ್ತೆ ಒಂದಕ್ಕೇ ಹಚ್ಚಿದ್ರೆ ಹೆಂಗೆ? ಉಳಿದವು ಏನು ಪಾಪ ಮಾಡ್ಯಾವೆ? ತಗಂಡು ಬರ್ರಿ. ನಾಲ್ಕು ಮೂಲೆಗೂ ಹಚ್ಚಿಬಿಡಾಣ. ಆವಾಗ ಯಾವನು ಸತ್ತೋರ ಕಾರ್ಡು ಅಂತಾನೋ ನೋಡ್ತೀನಿ.”

ಟೈಪ್‌ರೈಟರ್ ರಿಬ್ಬನ್ನಿನ ಹಳೆಯ ತಗಡಿನ ಡಬ್ಬಿಗಳು ನನ್ನ ಹತ್ತಿರ ಬೇಕಾದಷ್ಟಿವೆ. ಅವುಗಳಲ್ಲೇ ಅರಿಶಿನ ಕಲಸಿದೆ. ಟೈಪಿಂಗ್ ಕ್ಲಾಸಿನ ಬೆಂಚುಗಳ ಮೇಲೆ ಸಾಲಾಗಿ ಕೂತೆವು. ವಿಷಯ ತಿಳಿದು ನಕ್ಕು ಸುಸ್ತಾಗಿದ್ದ ಕರಿಯಕ್ಕ ಬುಟ್ಟಿ ಸಮೇತ ಬಂದಳು. ಪಾತ್ರೆಗೆಂದು ಬಂದ ಚಿಕ್ಕಹನುಮಂತಪ್ಪನೂ ಕೂತ. ಹುಡುಗರನ್ನು ಒಬ್ಬೊಬ್ಬರಾಗಿ ನೋಡಿ, “ಉಪ್ಪಿಟ್ಟಿಗೆ ಉಪ್ಪು ಸರಿ ಇತ್ತೇನ್ರಪ್ಪ? ಮನಸ್ಸಿಗೆ ಬೇಜಾರಾಗಿತ್ತು, ರುಚಿ ನೋಡಿರ್ಲಿಲ್ಲ,” ಎಂದು ಕೇಳಿದ.

ಹೆಬ್ಬೆರಳಿನಿಂದ ಹಚ್ಚುತ್ತಿದ್ದೆವು, ಲಗ್ನಪತ್ರಿಕೆಗೆ ಹಚ್ಚುವ ಹಾಗೆಯೇ. ಕರಿಯಕ್ಕನದು ದೊಡ್ಡ ಗುರುತು, ನನ್ನದು ಸಣ್ಣದು, ನಾಗೇಂದ್ರಪ್ಪನವರದು ಅಚ್ಚು ಹಾಕಿದಂತೆ ಒಂದೇ ಅಳತೆ. ಕಪ್ಪು ಬಿಳುಪಿನ ಪಕ್ಕದಲ್ಲಿ ಆ ಹಳದಿ ಹೇಗೆ ಎದ್ದು ಕಾಣುತ್ತಿತ್ತೆಂದರೆ, ಕಾವ್ಯಶ್ರೀ ಒಂದು ಕಾರ್ಡನ್ನು ದೂರ ಹಿಡಿದು, ತಲೆ ವಾಲಿಸಿ, ನೋಡುತ್ತಲೇ ಇದ್ದಳು.

“ಬೇಕಂತಲೇ ಮಾಡಿದ್ರೂ ಹಿಂಗೆ ಬರ್ತಿರ್ಲಿಲ್ಲ ಮೇಡಂ,” ಎಂದಳು ನನ್ನ ಕಿವಿಯಲ್ಲಿ.

ಅಜ್ಜಮ್ಮ ಮುಂಭಾಗ ಮುಗಿಸಿ ಹಿಂಭಾಗಕ್ಕೂ ಕೈ ಹಾಕಿದ್ದರು. “ಒಳಗಿನ ಚೌಕಕ್ಕೆ ಮಾತ್ರ ಹಚ್ಬ್ಯಾಡ್ರಿ ಅಜ್ಜಿ, ಹಾಡು ಬರಂಗಿಲ್ಲ!” ಎಂದು ಮೂಕಪ್ಪ ಕೂಗಿದ. ಅವರು ಅವನನ್ನು ಲೆಕ್ಕಿಸದೆ ಕಾರ್ಡಿನ ಹಿಂದಿನ ಬಲಮೂಲೆಯನ್ನು ಕಣ್ಣಿಗೆ ಹತ್ತಿರ ತಂದರು. ಹೆಬ್ಬೆರಳು ಅಲ್ಲೇ ನಿಂತಿತು.

“ಇದೇನಿದು, ಇರುವೆ ಹರಿದಂಗೆ ಸಣ್ಣಕ್ಷರ?”

“ಅದು ನನ್ನ ಹೆಸರು ಅಜ್ಜಿ.”

“ಮೂಲ್ಯಾಗೆ ಯಾಕೆ ಹಾಕ್ಕೊಂಡಿ? ಇಷ್ಟು ಕೆಲಸ ಮಾಡಿದೋಳು ನಡುವೆ ಹಾಕ್ಕೋಬಾರ್ದಾ?” ಅಜ್ಜಮ್ಮ ಹೆಬ್ಬೆರಳನ್ನು ಸರಿಸಿ, ಹೆಸರು ಮುಚ್ಚಿಹೋಗದಂತೆ ಅದರ ಪಕ್ಕದಲ್ಲಿ ಮೆತ್ತಗೆ ಒತ್ತಿದರು. ಆಮೇಲೆ ಉಳಿದ ಪ್ರತಿ ಕಾರ್ಡಿನಲ್ಲೂ ಹಾಗೆಯೇ ಮಾಡಿದರು. ಬೇರೆ ಯಾರಿಗೂ ಆ ಮೂಲೆ ಮುಟ್ಟಲು ಬಿಡಲಿಲ್ಲ.

ಶನಿವಾರ ಫ್ಲೆಕ್ಸ್ ಮತ್ತೆ ಬಸ್ ಸ್ಟ್ಯಾಂಡಿನ ಎದುರು ಏರಿತು. ಮೂಲೆಗಳಿಗೆ ಅಂಗೈ ಅಗಲ ಅರಿಶಿನ. ಕರಿಯಕ್ಕ ಬಸ್ಸಿನಿಂದ ಇಳಿದವರಿಗೆಲ್ಲ, “ಬದುಕ್ಯಾರೆ, ನಾಳೆ ಸಂಜೆ ಬಂದು ನೋಡ್ರಿ,” ಎಂದು ಹೇಳಿದಳು. ಅದಕ್ಕಿಂತ ದೊಡ್ಡ ಪ್ರಚಾರ ಯಾವ ಬ್ಯಾಂಡಿಗೂ ಸಿಕ್ಕಿರಲಾರದು.

ಭಾನುವಾರ ನಮ್ಮ ಬೀದಿ ತುಂಬಿತು. ಕೈ ಮುಗಿದಿದ್ದ ಆ ಇಬ್ಬರು ಹೆಂಗಸರು ಬಂದಿದ್ದರು. ಮೊಬೈಲ್ ಅಂಗಡಿಯವನು ತನ್ನ ಸ್ಪೀಕರ್ ತಂದುಕೊಟ್ಟ. ಕರಿಯಕ್ಕ ನಾಲ್ಕು ಹಾರ ಕಟ್ಟಿಕೊಂಡು ಬಂದು, ಹಾಡು ಶುರುವಾಗುವ ಮೊದಲು ಹುಡುಗರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕೊರಳಿಗೂ ತಾನೇ ಹಾಕಿದಳು. ಐದನೆಯ ಹಾರವನ್ನು ಸೆರಗಿನಡಿಯಿಂದ ತೆಗೆದು ಕಾವ್ಯಶ್ರೀಯನ್ನು ಹುಡುಕಿದಳು. ಅವಳು ನಾಚಿ ನನ್ನ ಹಿಂದೆ ಅಡಗಿದರೂ ಬಿಡಲಿಲ್ಲ.

ಹಾಡು ಜೋರಾಗಿತ್ತು. ಅಜ್ಜಮ್ಮ ಕಿವಿಗೆ ಹತ್ತಿ ಇಟ್ಟುಕೊಂಡು ಮೊದಲ ಸಾಲಿನಲ್ಲಿ ಕೂತಿದ್ದರು. ಮೊಮ್ಮಗನ ರೆಪ್ಪೆ ಮುಚ್ಚಿದಾಗಲೆಲ್ಲ ಪಕ್ಕದಲ್ಲಿದ್ದವರಿಗೆ ಮೊಣಕೈಯಿಂದ ತಿವಿದು, ಕಾರ್ಡು ತೋರಿಸಿ, “ನೋಡ್ರಿ, ನೋಡ್ರಿ, ಮುಚ್ಚಿದ! ನಮ್ಮ ಹುಡುಗಿ ಹೆಂಗೆ ಹಿಡಿದಾಳೆ!” ಎನ್ನುತ್ತಿದ್ದರು. ಕಾರ್ಡು ಹಿಡಿದವರ ಹೆಬ್ಬೆರಳೆಲ್ಲ ಹಳದಿಯಾಗಿ, ಆ ಬೆರಳಿನಿಂದಲೇ ಫೋನು ಒತ್ತಿ ಒತ್ತಿ, ಎಲ್ಲರ ಫೋನಿನ ಮೇಲೂ ಒಂದೊಂದು ಅರಿಶಿನದ ಗುರುತು.